ಅಜ್ಜನ ಕೋವಿ, ಮಗಳ ಹೆಗಲಿಗೆ

ಎರಡು ವರ್ಷದ ಹಿಂದೆ, ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ನನ್ನ ಮಗಳು ಅಜ್ಜನ ಜೋಡಿ ನಳಿಗೆ ಕೋವಿ ಎತ್ತಿ ತೆಂಗಿನಕಾಯಿಗೆ ಗುರಿ ಹಿಡಿದಳು. ಎರಡು ಈಡು ಹೊಡೆದರೂ ಕಾಯಿ ಅಲ್ಲಾಡಲಿಲ್ಲ. ಅವಳ ಹೆಗಲು ಮಾತ್ರ ನಾಲ್ಕು ದಿನ ಕಪ್ಪುಗಟ್ಟಿತ್ತು. 'ಪುಸ್ತಕ ಹಿಡಿಯೋ ಕೈ, ಕೋವಿ ಎಲ್ಲಿ ಹಿಡಿದೀತು' ಅಂತ ಚಿಕ್ಕಪ್ಪ ನಕ್ಕರು. ನನಗೂ ಹಾಗೇ ಅನ್ನಿಸಿತ್ತು. ಮಾರನೆಯ ದಿನ ಟೇಪು ಹಿಡಿದು ಅಳೆದು ನೋಡಿದಾಗ ತಪ್ಪು ಯಾರದೆಂದು ಗೊತ್ತಾಯಿತು. ಆ ಕೋವಿಯ ಹಿಡಿಮರ ಆರಡಿ ಎತ್ತರದ ನಮ್ಮಜ್ಜನ ತೋಳಿಗೆ ಹೊಂದುವಂಥದ್ದು. ಮಗಳ ಎತ್ತರ ಐದಡಿ ಎರಡಿಂಚು.

ಮನೆಯವರಿಗೊಂದು ಕೋವಿಯನ್ನು ನಾವೇ ಮಾಡಿಕೊಡಬೇಕು ಅನ್ನುವ ಆಸೆ ಅನೇಕರಿಗಿದೆ. ಅಮೆರಿಕದಲ್ಲಿರುವ ನೆಂಟರು ಬಿಡಿಭಾಗ ತರಿಸಿ ಜೋಡಿಸುವವರ ವಿಡಿಯೋ ಕಳಿಸುತ್ತಿರುತ್ತಾರೆ. ನಮ್ಮಲ್ಲಿ ಅದು ಆಗದ ಮಾತು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. 6ನೇ ಕಲಂ ನಳಿಗೆಯನ್ನು ಕುಯ್ದು ಗಿಡ್ಡ ಮಾಡುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಕಳ್ಳತನದಲ್ಲಿ ಕೋವಿ ಮಾಡಿದವರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಶಿಕಾರಿಯಂತೂ 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದರ 1991ರ ತಿದ್ದುಪಡಿ ಬಂದು ಮುಗಿದ ಕಥೆ.

ಹಾಗಾದರೆ ಉಳಿಯುವುದೇನು? ಇರುವ ಕೋವಿಯನ್ನು ಇನ್ನೊಬ್ಬರ ಮೈಗೆ ಹೊಂದಿಸುವುದು. ಗುರಿಕಾರರು ಇದನ್ನು ದರ್ಜಿ ಕೆಲಸಕ್ಕೆ ಹೋಲಿಸುತ್ತಾರೆ. ಅಂಗಿ ಹೊಲಿಯುವ ಮುಂಚೆ ಅಳತೆ ತೆಗೆಯಬೇಕಲ್ಲ, ಅದರಲ್ಲೇ ಮುಕ್ಕಾಲು ಕೆಲಸ ಇರುವುದು. ಅಳತೆ, ಮರದ ಆರೈಕೆ, ನಳಿಗೆ ತೊಳೆಯುವುದು ಮನೆಯಲ್ಲಿ ಆಗುತ್ತದೆ. ಕುಯ್ಯುವುದು, ಸ್ಕ್ರೂ ಬಿಚ್ಚುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಪಾಲು. ಈ ಗೆರೆ ದಾಟದೆ ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕಾಗದ

ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಆಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟಿದ್ದು ಅದು. ಸ್ವಾತಂತ್ರ್ಯದ ನಂತರ ಆಯುಧ ಕಾಯ್ದೆಯ 41ನೇ ಕಲಂ ಅಡಿ ಮುಂದುವರಿಯಿತು, 2019ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಣೆಯಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ವಿನಾಯಿತಿ ಅಂದರೆ ಕಾಗದವೇ ಬೇಡ ಅಂತಲ್ಲ. ವಿನಾಯಿತಿ ಪತ್ರದಲ್ಲಿ ಯಾರ ಹೆಸರಿದೆ, ಕೋವಿಯ ನಂಬರು ಯಾವುದು ಅನ್ನುವುದು ಕೋವಿಯ ಮೇಲೆ ಕೊರೆದ ನಂಬರಿಗೆ ತಾಳೆಯಾಗಬೇಕು. ನಮ್ಮ ಮನೆಯಲ್ಲಿ ಅಜ್ಜ ಹೋಗಿ ಎಷ್ಟೋ ವರ್ಷವಾದರೂ ಪತ್ರದಲ್ಲಿ ಅವರ ಹೆಸರೇ ಇತ್ತು. ಮರಣ ಪತ್ರ, ಮನೆಯವರೆಲ್ಲರ ಒಪ್ಪಿಗೆ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಅಲೆದದ್ದೇ ಈ ಇಡೀ ಕೆಲಸದಲ್ಲಿ ಅತಿ ಉದ್ದದ ಭಾಗ. ಕೋವಿಯನ್ನು ರಿಪೇರಿಗೆ ಒಯ್ಯುವ ಮುಂಚೆ ಇದು ಮುಗಿದಿರಲಿ. ಜಿಲ್ಲೆಯಾಚೆ ಒಯ್ಯಬೇಕಾಗಿದ್ದರೆ ಏನು ಪತ್ರ ಬೇಕೆಂದು ಅದೇ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ಮಲೆನಾಡು, ಕರಾವಳಿಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರಿಗೂ ಈ ಮಾತು ಅನ್ವಯ. ಕೋವಿ ಕೈಗೆ ಬರುವವರಿಗೆ 21 ತುಂಬಿರಬೇಕು.

ಖಾಲಿಯೋ ಅಲ್ಲವೋ

ಅಟ್ಟದಲ್ಲಿ ಹತ್ತು ವರ್ಷ ಮಲಗಿದ್ದ ಕೋವಿಯಲ್ಲೂ ತೋಟಾ ಇರಬಹುದು. ಮಡಚುವ ಕೋವಿಯಾದರೆ ಮಡಚಿ, ಎರಡೂ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ, ಆಮೇಲೆ ಬೆರಳು ಹಾಕಿ ನೋಡಿ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಗಜದ ಕಡ್ಡಿಯನ್ನು ಮೆಲ್ಲನೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕಡ್ಡಿ ಬುಡದವರೆಗೆ ಹೋಗಿಲ್ಲವೆಂದರೆ ಒಳಗೆ ಏನೋ ಇದೆ. ಆಗ ಕೈ ಹಚ್ಚಬೇಡಿ, ತಿಳಿದವರನ್ನೇ ಕರೆಸಿ.

ಇದೇ ಹೊತ್ತಿಗೆ ನಳಿಗೆಯ ಮೈ ನೋಡಿಬಿಡಿ. ಹಾವಿನ ಪೊರೆಯಂಥ ಸುರುಳಿ ಗೆರೆ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿ ಹೆಣೆದು ಬಡಿದದ್ದು. ಹೊಗೆಮದ್ದಿನ, ಅಂದರೆ ಹಳೆಯ ಕರಿಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿದರೆ ಸೀಳಬಹುದು. ಅಂಥದ್ದನ್ನು ಪೂಜೆಗಿಡಿ, ಈಡಿಗೆ ಬೇಡ.

ಅಳತೆ

ಹಳೆಯ ಉಪಾಯವೊಂದಿದೆ. ಹಿಡಿಯ ಬುಡವನ್ನು ಮೊಣಕೈಯ ಮಡಿಕೆಗೆ ಕೊಟ್ಟು, ತೋರುಬೆರಳು ಟ್ರಿಗರಿಗೆ ಎಟಕುತ್ತದೆಯೇ ನೋಡುವುದು. ಚಿಕ್ಕಪ್ಪನೂ ಹಾಗೇ ನೋಡಿ 'ಸರಿಯಾಗಿದೆ' ಅಂದಿದ್ದರು. ಇದನ್ನು ನಂಬಬೇಡಿ. ಮುಂಗೈ ಉದ್ದವೊಂದನ್ನೇ ಅದು ಹೇಳುತ್ತದೆ. ಕತ್ತು, ಹೆಗಲು, ಕೆನ್ನೆ ಯಾವುದರ ಲೆಕ್ಕವೂ ಅದರಲ್ಲಿಲ್ಲ.

ಸರಿಯಾದ ದಾರಿ ಹೀಗೆ. ಖಾಲಿ ಕೋವಿಯನ್ನು ಇನ್ನೊಮ್ಮೆ ಖಾಲಿಯೆಂದು ನೋಡಿ, ಹಿಂದೆ ಯಾರೂ ಓಡಾಡದ ದಪ್ಪ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ. ಬೆರಳು ಟ್ರಿಗರಿನಿಂದ ಹೊರಗಿರಲಿ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ ಕೆನ್ನೆಗೆ ತಾಗಿಸಲು ಹೇಳಿ. ಆಮೇಲೆ ಕಣ್ಣು ತೆರೆಯಲಿ. ಈಗ ಬಲಗೈ ಹೆಬ್ಬೆರಳಿನ ಗೆಣ್ಣಿಗೂ ಮೂಗಿನ ತುದಿಗೂ ನಡುವೆ ಎಷ್ಟು ಜಾಗ ಇದೆ? ಎರಡರಿಂದ ಮೂರು ಬೆರಳಿನಷ್ಟಿದ್ದರೆ ಸರಿ. ಒಂದೇ ಬೆರಳಾದರೆ ಹಿಡಿ ಗಿಡ್ಡ, ಈಡು ಹೊಡೆದಾಗ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ನಾಲ್ಕು ಬೆರಳಾದರೆ ಉದ್ದ.

ಮಗಳದ್ದು ನಾಲ್ಕೂವರೆ ಬೆರಳಿತ್ತು. ಕೋವಿ ಏರಿಸುವಾಗ ಬುಡ ಕಂಕುಳಿನ ಬಟ್ಟೆಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಹೆಗಲಿನ ಗುಳಿಗೆ ಬದಲು ತೋಳಿನ ಮೂಳೆಯ ಮೇಲೆ ಕೂರಿಸುತ್ತಿದ್ದಳು. ಭಾರ ತಡೆಯಲು ಸೊಂಟ ಹಿಂದಕ್ಕೆ ವಾಲಿಸುತ್ತಿದ್ದಳು. ಹೆಗಲು ಕಪ್ಪುಗಟ್ಟಿದ್ದು ಅಲ್ಲಿ.

ಟ್ರಿಗರಿನ ನಡುವಿನಿಂದ ಹಿಡಿಯ ಬುಡದ ನಡುವಿನವರೆಗೆ ಅಳೆಯಿರಿ. ಎರಡು ಟ್ರಿಗರ್ ಇದ್ದರೆ ಮುಂದಿನದ್ದರಿಂದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 14½ ಇಂಚು. ನಮ್ಮದು 14½. ಮಗಳಿಗೆ ಬೇಕಾದದ್ದು ಸುಮಾರು 13¼. ಕಂಡುಹಿಡಿದದ್ದು ಹೇಗೆಂದರೆ, ಹಲಗೆಯಲ್ಲಿ ಹಿಡಿಯ ಆಕಾರ ಕತ್ತರಿಸಿ, ಬುಡಕ್ಕೆ ಕಾಲಿಂಚು ದಪ್ಪದ ತುಂಡುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಒಂದೊಂದೇ ತೆಗೆಯುತ್ತ ಅವಳಿಗೆ ಹಿಡಿಯಲು ಕೊಟ್ಟೆ. ಇದಕ್ಕೆ ಹಳೆಯ ಹಲಸಿನ ಹಲಗೆ ಸಾಕು, ಕೋವಿಯನ್ನು ಮುಟ್ಟಬೇಕಾಗಿಯೂ ಇಲ್ಲ. ಒಂದು ಎಚ್ಚರಿಕೆ: ಕೊಡಗಿನ ಚಳಿಯಲ್ಲಿ ಹಾಕುವ ಸ್ವೆಟರೋ ಕುಪ್ಪಸವೋ, ಈಡು ಹೊಡೆಯುವ ದಿನ ಏನು ಹಾಕುತ್ತಾರೋ ಅದನ್ನೇ ಹಾಕಿಸಿ ಅಳೆಯಿರಿ. ಬಟ್ಟೆಯ ದಪ್ಪವೇ ಕಾಲಿಂಚು ತಿನ್ನುತ್ತದೆ.

ಉದ್ದವಾದ ಮೇಲೆ ಎತ್ತರ. ಕೆನ್ನೆ ಮರಕ್ಕೆ ತಾಗಿದಾಗ ಕಣ್ಣು ನಳಿಗೆಗಳ ನಡುವಿನ ಪಟ್ಟಿಯ ನೇರ ಮೇಲೆ, ಕೂದಲೆಳೆಯಷ್ಟು ಎತ್ತರದಲ್ಲಿ ಬರಬೇಕು. ಬರೀ ಕೋವಿಯ ಬೆನ್ನು ಕಂಡರೆ ಮರ ತಗ್ಗು, ಈಡು ಕೆಳಗೆ ಹೋಗುತ್ತದೆ. ಪಟ್ಟಿ ರಸ್ತೆಯ ಹಾಗೆ ಪೂರ್ತಿ ಕಂಡರೆ ಎತ್ತರ, ಈಡು ಮೇಲೆ ಹೋಗುತ್ತದೆ. ತಗ್ಗಿದ್ದರೆ ಕೆನ್ನೆ ತಾಗುವಲ್ಲಿ ತೆಳ್ಳನೆಯ ಚರ್ಮದ ಪಟ್ಟಿ ಕಟ್ಟಿಕೊಳ್ಳಬಹುದು, ಅದು ಮನೆಯ ಕೆಲಸವೇ. ಎತ್ತರವಿದ್ದರೆ ರಿಪೇರಿಯವರೇ ಆಗಬೇಕು.

ಯಾವ ಕಣ್ಣು?

ಇದನ್ನು ನಾನು ಮರೆತೇಬಿಟ್ಟಿದ್ದೆ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಕಿಂಡಿಯಲ್ಲಿ ದೂರದ ಅಡಿಕೆ ಮರದ ತುದಿ ನೋಡಲು ಹೇಳಿ. ಈಗ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಮರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ ಕಣ್ಣು. ಮಗಳು ಬಲಗೈಯವಳು, ಯಜಮಾನ ಕಣ್ಣು ಎಡದ್ದು. 'ಅಪ್ಪ, ಅದಕ್ಕೇ ನಂಗೆ ಎರಡೆರಡು ತುದಿ ಕಾಣ್ತಿತ್ತು' ಅಂದಳು. ಹೇಳಬಾರದಿತ್ತೇ ಅಂದರೆ, 'ಎಲ್ಲರಿಗೂ ಹಾಗೇ ಕಾಣುತ್ತೆ ಅಂದ್ಕೊಂಡಿದ್ದೆ.'

ಇದಕ್ಕೆ ಎರಡೇ ದಾರಿ. ಎಡ ಹೆಗಲಿಗೆ ಬದಲಾಯಿಸುವುದು, ಇಲ್ಲವೇ ಕನ್ನಡಕದ ಎಡಗಾಜಿನ ಮೇಲೆ ನಾಲ್ಕಾಣೆಯಷ್ಟಗಲ ಪಾರದರ್ಶಕ ಟೇಪು ಅಂಟಿಸಿ ಆ ಕಣ್ಣಿಗೆ ನಳಿಗೆಯ ತುದಿಯನ್ನು ಮಂಕು ಮಾಡುವುದು. ಹೊಸದಾಗಿ ಕಲಿಯುವವರಿಗೆ ಹೆಗಲು ಬದಲಿಸುವುದೇ ಮೇಲು. ಆದರೆ ಬಲಗೈಯವರ ಕೋವಿಯ ಹಿಡಿ ಸ್ವಲ್ಪ ಬಲಕ್ಕೆ ಬಾಗಿರುತ್ತದೆ, ಎಡಗಡೆಯಿಂದ ಹಿಡಿದರೆ ಆ ಬಾಗು ಎದುರಾಳಿಯಾಗುತ್ತದೆ. ನಾವು ಟೇಪಿನ ದಾರಿ ಹಿಡಿದೆವು.

ರಿಪೇರಿಯವರ ಬಳಿ

ಬೇಕಾದ ಕಡಿತ ಒಂದೂಕಾಲು ಇಂಚು. ಆದರೆ ಅಷ್ಟೇ ಕುಯ್ಯಿರಿ ಅನ್ನಬೇಡಿ. ಬುಡಕ್ಕೆ ಅರ್ಧ ಇಂಚಿನ ರಬ್ಬರ್ ಪ್ಯಾಡ್ ಬರುತ್ತದಲ್ಲ, ಅದರ ಲೆಕ್ಕ ಸೇರಿಸಿ ಒಂದೂಮುಕ್ಕಾಲು ಕುಯ್ಯಬೇಕು. ಈ ಸಣ್ಣ ಕೂಡುವ ಲೆಕ್ಕ ತಪ್ಪಿ ಕೋವಿ ಕೆಟ್ಟದ್ದನ್ನು ನಾನು ಎರಡು ಮನೆಯಲ್ಲಿ ಕಂಡಿದ್ದೇನೆ. ಇನ್ನೊಂದು ಮಾತು, ಬುಡವನ್ನು ಯಾವ ಓರೆಯಲ್ಲಿ ಕುಯ್ಯಬೇಕು ಅನ್ನುವುದು. ಹೆಂಗಸರಿಗೆ ಬುಡದ ಕೆಳತುದಿ ಎದೆಗೆ ಚುಚ್ಚುತ್ತದೆ, ಕೆಳತುದಿಯನ್ನು ಒಂದಿಷ್ಟು ಹೆಚ್ಚು ಒಳಗೆ ತೆಗೆದು ದುಂಡಗೆ ಮಾಡಿಸಬೇಕು. ಗಂಡಸರು ಗಂಡಸರಿಗಾಗಿ ಮಾಡಿದ ಕೋವಿಗಳಲ್ಲಿ ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಅಜ್ಜನ ಮರ ಕುಯ್ಯಲು ಮನಸ್ಸು ಬಾರದಿದ್ದರೆ ಹೊಸ ಹಿಡಿಯನ್ನೇ ಮಾಡಿಸಬಹುದು. ಮರ ಅಕ್ರೋಟಿನದ್ದೇ ಆಗಲಿ. ಹಗುರ, ಗಟ್ಟಿ, ಪೆಟ್ಟಿಗೆ ಸೀಳುವುದಿಲ್ಲ, ಮಳೆ ಬಿಸಿಲಿಗೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ನಮ್ಮ ತೋಟದಲ್ಲೇ ಬೀಟೆ ಇದೆಯಲ್ಲ ಅಂತ ಹಲವರಿಗೆ ಆಸೆ. ನೋಡಲು ಚೆಂದ, ನಿಜ. ಆದರೆ ಅಕ್ರೋಟಿಗಿಂತ ಬಹಳ ಭಾರ, ಕೋವಿಯ ತೂಕವೆಲ್ಲ ಹಿಂದಕ್ಕೆ ಬರುತ್ತದೆ. ಸಾಲದ್ದಕ್ಕೆ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇರೆ. ಹೊಸ ಹಿಡಿಗೆ ಕೇಳಿದ ಬೆಲೆ ಕೇಳಿ ನಾನು ಹಳೆಯದನ್ನೇ ಕುಯ್ಯಿಸಿದೆ. ಕುಯ್ದ ತುಂಡನ್ನು ಮಾತ್ರ ಕೇಳಿ ಪಡೆದುಕೊಳ್ಳಿ. ಮುಂದೆ ಉದ್ದ ತೋಳಿನವರೊಬ್ಬರು ಮನೆಯಲ್ಲಿ ಹುಟ್ಟಿದರೆ ಅದನ್ನೇ ಮತ್ತೆ ಕೂರಿಸಬಹುದು, ಮರದ ಗೆರೆ ಗೆರೆಗೆ ಹೊಂದುತ್ತದೆ.

ಸ್ಪ್ರಿಂಗು, ಬೀಗ (ಕೋವಿಯನ್ನು ಸಿಡಿಸುವ ಯಂತ್ರ), ಸೂಜಿ, ನಳಿಗೆಯ ಬಿಗಿ ಎಲ್ಲವನ್ನೂ ಅವರೇ ಒಮ್ಮೆ ನೋಡಲಿ. ತೋಟಾ ಕೂರುವ ಗೂಡಿನ ಉದ್ದವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ 12 ಬೋರ್ ಕೋವಿಗಳಲ್ಲಿ ಅದು 65 ಮಿ.ಮೀ. ಇರುವುದೇ ಹೆಚ್ಚು. ಅಂಗಡಿಯಲ್ಲಿ 70 ಮಿ.ಮೀ. ತೋಟಾ ಕೊಟ್ಟರೆ ಅದು ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಸಿಡಿದ ಮೇಲೆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಮರದ ಆರೈಕೆ

ನನಗೆ ಅತಿ ಖುಷಿ ಕೊಟ್ಟ ಕೆಲಸ, ಅತಿ ಹೆಚ್ಚು ತಪ್ಪು ಮಾಡಿದ್ದೂ ಇಲ್ಲೇ. ನಳಿಗೆಯನ್ನೂ ಮುಂಗೈ ಮರವನ್ನೂ ಬಿಚ್ಚಿ ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಇದಕ್ಕೆ ಸ್ಕ್ರೂಡ್ರೈವರ್ ಬೇಡ, ಎಂದಿನಂತೆ ಬಿಚ್ಚುವುದೇ. ಉಳಿದ ಕಬ್ಬಿಣಕ್ಕೂ ಕೊರೆದ ಗೆರೆಗಳಿಗೂ ಮಾಸ್ಕಿಂಗ್ ಟೇಪು ಸುತ್ತಿ.

ಹಿಡಿ ಕಬ್ಬಿಣಕ್ಕೆ ಸೇರುವಲ್ಲಿ ಮರ ಕಪ್ಪಗೆ ಮೆತ್ತಗಾಗಿರುತ್ತದೆ. ಐವತ್ತು ವರ್ಷ ಸುರಿದ ಎಣ್ಣೆ ಇಳಿದಿಳಿದು ಕುಡಿದದ್ದು. ಚಾಕ್ ಪುಡಿಯನ್ನು ಥಿನ್ನರಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು ಅಲ್ಲಿಗೆ ಮೆತ್ತಿ. ಬಯಲಲ್ಲೇ ಮಾಡಿ, ಬೆಂಕಿ ಹತ್ತಿರ ಇರದಿರಲಿ. ಒಣಗುತ್ತ ಬಿಳಿ ಪುಡಿ ಕಂದುಬಣ್ಣಕ್ಕೆ ತಿರುಗುತ್ತದೆ, ಎಣ್ಣೆ ಮೇಲೆ ಬಂದದ್ದು ಹೀಗೆ ಕಾಣುತ್ತದೆ. ಉದುರಿಸಿ ಮತ್ತೆ ಮೆತ್ತಿ. ನನಗೆ ಐದು ಸಲ ಬೇಕಾಯಿತು.

ಗುಳಿ ಬಿದ್ದ ಕಡೆ ಉಪ್ಪುಕಾಗದ ಹಾಕಿ ತಿಕ್ಕಬೇಡಿ. ಒದ್ದೆ ಬಟ್ಟೆಯ ತುಂಡು ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿ. ಚುಯ್ ಅಂತ ಹಬೆ ಎದ್ದು, ಒತ್ತಿಹೋದ ನಾರು ಉಬ್ಬಿ ಮೇಲೆ ಬರುತ್ತದೆ. ಅಜ್ಜ ಜೀಪಿನ ಬಾಗಿಲಿಗೆ ತಾಗಿಸಿ ಮಾಡಿದ್ದ ಹಳ್ಳ ಮೂರು ಸಲದ ಹಬೆಗೆ ಮಾಯವಾಯಿತು. ಮರ ಕತ್ತರಿಸಿ ಹೋದ ಗಾಯಕ್ಕೆ ಈ ಮದ್ದು ನಡೆಯದು. ಒಣಗಿದ ಮೇಲೆ 320ರ ಉಪ್ಪುಕಾಗದ, ಆಮೇಲೆ 400ರದ್ದು, ನಾರಿನ ಗುಂಟವೇ, ಹಗುರವಾಗಿ. ಮರ ಕಬ್ಬಿಣಕ್ಕಿಂತ ತಗ್ಗಾಗಬಾರದು.

ಎಣ್ಣೆ ಅಗಸೆಯದ್ದು. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿ, ಹಸಿ ಅಗಸೆ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬೆರಳ ತುದಿಯಲ್ಲಿ ನಾಲ್ಕು ಹನಿ ತೆಗೆದು ಅಂಗೈ ಬಿಸಿಯಾಗುವವರೆಗೆ ತಿಕ್ಕಿ. ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಬಿಟ್ಟು ಮತ್ತೆ. ಎಂಟು ಹತ್ತು ಪದರಕ್ಕೆ ಗೆರೆಗಳು ಎದ್ದು ಕಾಣತೊಡಗುತ್ತವೆ. ದಪ್ಪಗೆ ಬಳಿದರೆ ಅಂಟಂಟಾಗಿ ಉಳಿಯುತ್ತದೆ.

ಕೊಡಗಿನವರಿಗೆ ಮುಖ್ಯ ಮಾತು: ಇದನ್ನು ಫೆಬ್ರವರಿ–ಮಾರ್ಚಿನಲ್ಲಿ ಮಾಡಿ. ಹಬ್ಬ ಸೆಪ್ಟೆಂಬರ್ ಆರಂಭದಲ್ಲಲ್ಲವೇ ಅಂತ ನಾನು ಮೊದಲ ಸಲ ಜುಲೈಯಲ್ಲಿ ಶುರುಮಾಡಿದೆ. ಆ ಮಳೆಯಲ್ಲಿ ಎಣ್ಣೆ ಒಣಗುವ ಮಾತೇ ಇಲ್ಲ. ಮೂರನೇ ಪದರದ ಮೇಲೆ ಬೂಷ್ಟು ಬಂತು. ಬೇಗ ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ, ಮಸಿ ಅಂಟಿ ಕೂತಿತು. ಎಲ್ಲ ತಿಕ್ಕಿ ತೆಗೆದು ಮುಂದಿನ ಬೇಸಿಗೆಗೆ ಕಾದೆ.

ಇನ್ನೊಂದು, ನಗುವ ಮಾತಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿ ಕುಡಿದು ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿಯಿಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿ.

ನಳಿಗೆ

ಕಡ್ಡಿಗೆ ಹಿತ್ತಾಳೆ ಬಣ್ಣದ ಕಂಚಿನ ಬ್ರಷ್ಷು, ಆಮೇಲೆ ಹಳೆ ಬನಿಯನ್ನಿನ ತುಂಡು. ಹಿಂದಿನಿಂದ ಮುಂದಕ್ಕೆ ತಳ್ಳಿ. ಕೇಪಿನ ಕೋವಿಗೆ ಮೊದಲು ಬಿಸಿನೀರು, ಹೊಗೆಮದ್ದಿನ ಕಿಟ್ಟ ನೀರಿಗೇ ಕರಗುವುದು, ಎಣ್ಣೆಗಲ್ಲ. ಪೂರ್ತಿ ಒಣಗಿಸಿ ಕೊನೆಗೆ ತೆಳ್ಳಗೆ ಕೋವಿ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ ಡಿಸೆಂಬರಿನ ಮಡಿಕೇರಿಯಲ್ಲಿ ಬೀಗದೊಳಗೆ ಏನಾಗುತ್ತದೆ ಅನ್ನುವುದನ್ನು ಊಹಿಸಿಕೊಳ್ಳಿ.

ಹಬ್ಬದ ದಿನ

ಮನೆಯ ಪೂಜೆಯ ಕೋಣೆ ಕನ್ನಿಕೋಂಬರೆಯಲ್ಲಿ ಕೋವಿಗಳನ್ನು ಸಾಲಾಗಿಟ್ಟು, ಗಂಧ ಹಚ್ಚಿ, ತೋಕ್‌ ಪೂ ಮುಡಿಸುತ್ತೇವೆ. ಕೊಡವ ಮಾತಿನಲ್ಲಿ ತೋಕ್ ಅಂದರೆ ಕೋವಿ. ಬೆಂಕಿಯ ನಾಲಗೆಯಂಥ ಎಸಳಿನ ಆ ಹೂವನ್ನು ಬೇರೆ ಕಡೆ ಅಗ್ನಿಶಿಖೆ ಅನ್ನುತ್ತಾರೆ. ಅದರ ತೊಟ್ಟನ್ನು ನಳಿಗೆಯ ಬಾಯಿಗೆ ಸಿಕ್ಕಿಸುವುದು ವಾಡಿಕೆ. ಪೂಜೆ ಮುಗಿದು ಬಯಲಿಗೆ ಹೋಗುವ ಮುಂಚೆ ಆ ತೊಟ್ಟು ಹೊರಬಂತೇ, ಎಸಳೊಂದು ಒಳಗುಳಿಯಿತೇ ನೋಡಿ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದೇ ನೋಡಬೇಕು. ಬಾಯಿ ಕಟ್ಟಿದ ನಳಿಗೆಯಲ್ಲಿ ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ಗಿಡದ ಗೆಡ್ಡೆ ವಿಷ, ಮಕ್ಕಳ ಕೈಗೆ ಸಿಗದಿರಲಿ.

ಕಾಯಿ ಕಟ್ಟುವ ಜಾಗದ ಹಿಂದೆ ಮಣ್ಣಿನ ದಿಬ್ಬ ಇರಬೇಕು. ಪಾಯಿಂಟ್ 22 ರೈಫಲಿನ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರ್ ದೂರ ಹೋಗುತ್ತದೆ. ಕಿವಿಗೆ ಮುಚ್ಚಳ ಹಾಕಿಕೊಳ್ಳಲು ನಾಚಿಕೆ ಬೇಡ, ನಮ್ಮ ಹಿರಿಯರಲ್ಲಿ ಅರ್ಧದಷ್ಟು ಜನಕ್ಕೆ ಎಡಗಿವಿ ಕೇಳದಿರುವುದು ಸುಮ್ಮನೆ ಅಲ್ಲ. ಹೊಸಬರಿಗೆ ಮೊದಲು 28 ಗ್ರಾಮಿನ ಹಗುರ ತೋಟಾ ಕೊಡಿ, ಒಂದೊಂದೇ.

ಈ ಸಲ ಮಗಳು ಮೂರನೇ ಈಡಿಗೆ ಕಾಯಿ ಒಡೆದಳು. ಚಿಕ್ಕಪ್ಪ ಕೋವಿ ಈಸಿಕೊಂಡು ಹೆಗಲಿಗಿಟ್ಟು ನೋಡಿ, 'ಇದೇನು ಮಕ್ಕಳಾಟಿಕೆ ಹಾಗಿದೆ' ಅಂದರು. ಅವರ ಹೆಬ್ಬೆರಳು ಮೂಗಿಗೆ ತಾಗುತ್ತಿತ್ತು.

ಸಂಜೆ ಕಡಂಬುಟ್ಟು, ಪಂದಿಕರಿಯ ಹಬ್ಬದೂಟಕ್ಕೆ ಕೂರುವ ಮುಂಚೆಯೇ ಗಂಧ ಒರೆಸಿ. ಒದ್ದೆ ಗಂಧ ಒಂದು ರಾತ್ರಿ ಕೂತರೂ ಕಬ್ಬಿಣದ ಮೇಲೆ ಅದರ ಬೆರಳಚ್ಚು ತುಕ್ಕಾಗಿ ಉಳಿಯುತ್ತದೆ. ನಳಿಗೆ ತೊಳೆದು ಎಣ್ಣೆ ಹಾಕಿ, ಬಾಯಿ ಕೆಳಗಾಗುವಂತೆ ನಿಲ್ಲಿಸಿ. ಹೀಗೆ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಕೋವಿಗೊಂದು ಬೀಗ, ತೋಟಾಕ್ಕೆ ಬೇರೆ ಕಪಾಟು, ಬೇರೆ ಬೀಗ. ಕುಯ್ದ ಆ ಒಂದೂಮುಕ್ಕಾಲು ಇಂಚಿನ ತುಂಡಿಗೆ ಕೋವಿಯ ನಂಬರು ಬರೆದು, ಬಟ್ಟೆ ಸುತ್ತಿ, ಕೋವಿ ಕಪಾಟಿನ ಕೆಳಗಿನ ಅರೆಯಲ್ಲಿಟ್ಟಿದ್ದೇನೆ.